ಗಾಯವಿಲ್ಲದೆ ಹರಿಯುವ ಬೆರಳಿನ ಹುರಿ

ಕುಡುಗೋಲು ತಗಲಿದರೆ ರಕ್ತ ಕಾಣುತ್ತದೆ, ಕೂಡಲೇ ದವಾಖಾನೆಗೆ ಓಡುತ್ತೇವೆ. ಆದರೆ ಚರ್ಮದ ಮೇಲೆ ಒಂದು ಗೆರೆಯೂ ಬೀಳದೆ ಕಿರುಬೆರಳು ಒಂದು ದಿನ ಇದ್ದಕ್ಕಿದ್ದಂತೆ ಮಡಚಲು ಬಾರದಂತಾಗಬಹುದು. ಇದಕ್ಕೆ ಕಾರಣ ಬೆರಳಿನಲ್ಲೇ ಇರಬೇಕೆಂದಿಲ್ಲ. ತಿಂಗಳುಗಳ ಹಿಂದೆ ಮುರಿದ ಮಣಿಕಟ್ಟಿನ ಮೂಳೆಯಲ್ಲಿ ಇರಬಹುದು.

ಬೆರಳು ಮಡಚುವ ಮುಖ್ಯ ಮಾಂಸಖಂಡಗಳು ಮುಂಗೈಯಲ್ಲಿವೆ. ಅಲ್ಲಿಂದ ಬಿಳಿಯ ಹುರಿಗಳು ಮಣಿಕಟ್ಟು ದಾಟಿ ಬೆರಳುಗಳಿಗೆ ಹೋಗುತ್ತವೆ. ಇವಕ್ಕೆ ಸ್ನಾಯುರಜ್ಜು ಎಂದು ಹೆಸರು. ನಮ್ಮ ಜನ 'ನರ' ಎನ್ನುವುದುಂಟು. ಆದರೆ ನರವೆಂದರೆ ಸುದ್ದಿ ಒಯ್ಯುವ ತಂತಿ, ಇದು ಎಳೆಯುವ ಹಗ್ಗ.

ಮಣಿಕಟ್ಟಿನಲ್ಲಿ 8 ಚಿಕ್ಕ ಮೂಳೆಗಳಿವೆ. ಕಿರುಬೆರಳಿನ ಕಡೆ ಇರುವ ಹ್ಯಾಮೇಟ್ ಎಂಬ ಮೂಳೆಯಿಂದ ಒಂದು ಕೊಕ್ಕೆ ಅಂಗೈಯತ್ತ ಚಾಚಿಕೊಂಡಿದೆ. ನಾವು ಬಿಗಿಯಾಗಿ ಏನನ್ನಾದರೂ ಹಿಡಿದಾಗ ಕಿರುಬೆರಳು, ಉಂಗುರಬೆರಳುಗಳ ಹುರಿಗಳು ಬಾವಿಯ ಗಡಗಡಿಯ ಮೇಲೆ ಹಗ್ಗ ಸರಿದಂತೆ ಈ ಕೊಕ್ಕೆಗೆ ಒತ್ತಿ ಸರಿಯುತ್ತವೆ. ಗಡಗಡಿ ಒಡೆದು ಚೂಪಾದರೆ ಹಗ್ಗ ಎಳೆಎಳೆಯಾಗಿ ಸವೆದು ಕಡಿಯುವುದಿಲ್ಲವೇ? ಕೊಕ್ಕೆ ಮುರಿದಾಗ ಆಗುವುದೂ ಅದೇ.

ವೈದ್ಯಗ್ರಂಥಗಳಲ್ಲಿ ಇದಕ್ಕೆ ಗಾಲ್ಫ್, ಟೆನಿಸ್ ಆಟಗಾರರ ಉದಾಹರಣೆ ಬರುತ್ತದೆ. ಅಕ್ಕಲಕೋಟ ಸೀಮೆಯಲ್ಲಿ ಗಾಲ್ಫ್ ಆಡುವವರು ಯಾರು? ಆದರೆ ಕೊಡಲಿಗೂ ಗುದ್ದಲಿಗೂ ಕಾವು ಇದೆ. ಕಲ್ಲಿಗೋ ಬೇರಿಗೋ ಏಟು ಬಿದ್ದಾಗ ಕಾವಿನ ತುದಿ ಅಂಗೈಯ ಬುಡಕ್ಕೆ ಗುದ್ದುತ್ತದೆ. ಅಂಗೈ ಊರಿ ಬಿದ್ದರೂ ಕೊಕ್ಕೆ ಮುರಿಯಬಹುದು. ಬಾವು ಹೆಚ್ಚಿರುವುದಿಲ್ಲ, ಆದ್ದರಿಂದ ಎಣ್ಣೆ ತಿಕ್ಕಿ, ಬಟ್ಟೆ ಕಟ್ಟಿ ಮತ್ತೆ ಹೊಲಕ್ಕೆ ನಡೆಯುತ್ತೇವೆ. ಸಾಮಾನ್ಯ ಎಕ್ಸ್‌ರೇಯಲ್ಲಿಯೂ ಈ ಮುರಿತ ಎಷ್ಟೋ ಸಲ ಕಾಣುವುದಿಲ್ಲ; ಓರೆಯಾಗಿ ತೆಗೆದ ಎಕ್ಸ್‌ರೇ ಅಥವಾ ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ. ಕಿರುಬೆರಳಿನ ಕೆಳಗೆ, ಅಂಗೈಯ ಬುಡದಲ್ಲಿ ಒತ್ತಿದರೆ ನೋವು ಎರಡು ಮೂರು ವಾರವಾದರೂ ಉಳಿದಿದ್ದರೆ ವೈದ್ಯರಿಗೆ ಆ ಜಾಗವನ್ನೇ ಬೆರಳಿಟ್ಟು ತೋರಿಸಿರಿ.

ಇನ್ನೊಂದು ಮುರಿತ ನಮಗೆಲ್ಲ ಪರಿಚಿತ. ಜಾರಿ ಬಿದ್ದು ಮುಂಗೈ ಮೂಳೆ ಮಣಿಕಟ್ಟಿನ ಬಳಿ ಮುರಿಯುವುದು. ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ 1814ರಲ್ಲಿ ಇದನ್ನು ವಿವರಿಸಿದರು. ಇದಕ್ಕೆ ಅಂಗೈ ಬದಿಯಿಂದ ಪ್ಲೇಟು ಹಾಕಿಸಿಕೊಂಡವರು ಹೆಬ್ಬೆರಳಿನ ಮೇಲೆ ಗಮನವಿಡಬೇಕು. ಪ್ಲೇಟಿನ ಅಂಚಿಗೆ ತಿಕ್ಕಿ ಅದರ ಹುರಿ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ಹರಿಯುವುದುಂಟು. ಮಡಚುವಾಗ ಕರಕರ ಎಂದರೆ, ನೋವಾದರೆ ತಡಮಾಡಬೇಡಿ. ಮೂಳೆ ಕೂಡಿದ್ದರೆ ಪ್ಲೇಟು ತೆಗೆಯಬಹುದು.

ಹುರಿಯ ಪರೀಕ್ಷೆ ಮನೆಯಲ್ಲೇ ಸಾಧ್ಯ. ಕಿರುಬೆರಳಿನ ನಡುಗೆಣ್ಣು ಅಲುಗದಂತೆ ಹಿಡಿದು ತುದಿಯನ್ನು ಮಾತ್ರ ಮಡಚಿ ನೋಡಿ. ಅದು ಮಡಚದಿದ್ದರೆ ಹುರಿ ಹರಿದಿರುವ ಸಂಶಯವಿದೆ. ಹೆಬ್ಬೆರಳಿಗೂ ಹೀಗೆಯೇ ಬುಡ ಹಿಡಿದು ನೋಡಬೇಕು. ಇಷ್ಟಾದರೆ ಮೂಳೆ ಕಟ್ಟುವವರಲ್ಲಿಗೆ ಹೋಗಿ ಪ್ರಯೋಜನವಿಲ್ಲ. ಸೊಲ್ಲಾಪುರದ ಸಿವಿಲ್ ಆಸ್ಪತ್ರೆಯಂಥ ಕಡೆ ಮೂಳೆ ತಜ್ಞರನ್ನು ಕಾಣಬೇಕು.

ಸವೆದ ತುದಿಗಳನ್ನು ಸುಮ್ಮನೆ ಹೊಲಿದರೆ ಸಾಮಾನ್ಯವಾಗಿ ನಿಲ್ಲದು. ಮುಂಗೈಯಿಂದ ಬೇರೆ ಹುರಿ ತೆಗೆದು ಜೋಡಿಸುತ್ತಾರೆ, ಇಲ್ಲವೆ ಪಕ್ಕದ ಬೆರಳಿನ ಹುರಿಗೆ ಕಟ್ಟುತ್ತಾರೆ. ಮುರಿದ ಕೊಕ್ಕೆಯನ್ನು ತೆಗೆದುಹಾಕುತ್ತಾರೆ. ತಡವಾದಷ್ಟೂ ಮಾಂಸಖಂಡ ಕುಗ್ಗಿ ಕೆಲಸ ಕಠಿಣವಾಗುತ್ತದೆ. ಆಮೇಲೆ ಸುಮಾರು 3 ತಿಂಗಳು ಬಿಗಿಹಿಡಿತದ ಕೆಲಸ ಕೂಡದು. ಹಿಂಗಾರಿ ಜೋಳ ಕೀಳುವ ಹಂಗಾಮು ಹತ್ತಿರವಿದ್ದರೆ ಅದನ್ನೂ ವೈದ್ಯರಿಗೆ ಮೊದಲೇ ತಿಳಿಸಿ, ಮನೆಯಲ್ಲಿ ಆಳಿನ ಏರ್ಪಾಟು ಮಾಡಿಕೊಂಡು ದಿನ ಗೊತ್ತುಮಾಡಿರಿ.