ಹಳೇ ಸಿಮೆಂಟ್ ಶೀಟ್ ಬಿಚ್ಚಿಸ್ತಿದ್ದೀರಾ? ಸುತ್ತಿಗೆ ಎತ್ತೋ ಮುಂಚೆ ಇಷ್ಟು ತಿಳ್ಕೊಳ್ಳಿ

ಮಳೆಗಾಲ ಹತ್ತಿರ ಬಂತು ಅಂದ್ರೆ ಸೂರು ಬದಲಿಸುವ ಕೆಲಸ ಜೋರು. ಇಪ್ಪತ್ತು ಮೂವತ್ತು ವರ್ಷದ ಹಿಂದೆ ಮನೆ, ಅಂಗಡಿ, ಕೊಟ್ಟಿಗೆಗೆ ಹಾಕಿಸಿದ ಬೂದು ಬಣ್ಣದ ಸಿಮೆಂಟ್ ಶೀಟ್ ತೆಗೆಸಿ ಕಲರ್ ಶೀಟ್ ಹಾಕಿಸುವವರು ಈಗ ಹೆಚ್ಚು. ಆದರೆ ಹಳೇದನ್ನು ತೆಗೆಯೋ ರೀತಿ ಮಾತ್ರ ಎಷ್ಟೋ ಕಡೆ ಒಂದೇ: ಕೆಳಗಿನಿಂದ ಸುತ್ತಿಗೆಯಲ್ಲಿ ಹೊಡಿ, ಚೂರನ್ನು ಟ್ರ್ಯಾಕ್ಟರ್‌ಗೆ ತುಂಬು, ಊರಾಚೆ ಸುರಿ. ಆ ಒಂದು ದಿನದ ಧೂಳೇ ದೊಡ್ಡ ಅಪಾಯ.

ಶೀಟಿನಲ್ಲಿ ಏನಿದೆ?

ಇದನ್ನು ಕಲ್ನಾರು ಶೀಟ್ ಅಂತಲೂ ಕರೀತಾರೆ. ಕಲ್ನಾರು ಅಂದ್ರೆ ಕಲ್ಲಿನ ನಾರು, ಅದೇ ಆಸ್ಬೆಸ್ಟಾಸ್. ಶೀಟಿನಲ್ಲಿ ಇದರ ಪಾಲು ಸುಮಾರು ಶೇ. 10ರಷ್ಟು, ಉಳಿದದ್ದು ಹೆಚ್ಚಾಗಿ ಸಿಮೆಂಟ್, ಹಾರುಬೂದಿ. ಶೀಟ್ ಗಟ್ಟಿಯಾಗಿ, ಒಡೆಯದೆ ಇದ್ದಷ್ಟು ದಿನ ನಾರು ಸಿಮೆಂಟಿನೊಳಗೇ ಕಚ್ಚಿಕೊಂಡಿರುತ್ತೆ. ಒಡೆದಾಗ, ಕೊಯ್ದಾಗ, ತೂತು ಕೊರೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಗಾಳಿಗೆ ಏಳ್ತವೆ. ಉಸಿರಿನ ಜೊತೆ ಒಳಗೆ ಹೋದ ಎಳೆಗಳಲ್ಲಿ ಕೆಲವು ಶ್ವಾಸಕೋಶದಲ್ಲೇ ಉಳಿದುಬಿಡ್ತವೆ.

ಬಿಳಿ ಆಸ್ಬೆಸ್ಟಾಸ್ ಸೇರಿ ಎಲ್ಲಾ ಬಗೆಯೂ ಕ್ಯಾನ್ಸರ್ ತರುತ್ತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಹೊದಿಕೆಗೆ ಬರುವ ಮೆಸೊಥೆಲಿಯೋಮಾ, ಉಸಿರಾಟವನ್ನೇ ಬಿಗಿ ಮಾಡುವ ಆಸ್ಬೆಸ್ಟೋಸಿಸ್ ಇದರಲ್ಲಿ ಮುಖ್ಯ. ಬೀಡಿ, ಸಿಗರೇಟ್ ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಇನ್ನೂ ಜಾಸ್ತಿ. ರೋಗ ಕಾಣಿಸಿಕೊಳ್ಳೋಕೆ ಹತ್ತಾರು ವರ್ಷ ಹಿಡಿಯುತ್ತೆ. ಅದಕ್ಕೇ ಆಸ್ಬೆಸ್ಟಾಸ್ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಆದೇಶಿಸಿತ್ತು. ಬ್ರಿಟನ್ 1999ರಲ್ಲಿ ಬಿಳಿ ಆಸ್ಬೆಸ್ಟಾಸನ್ನೂ ನಿಷೇಧಿಸಿತು. ನಮ್ಮಲ್ಲಿ ಶೀಟ್ ಮಾರಾಟಕ್ಕೆ ಅಂಥ ನಿಷೇಧ ಇಲ್ಲ.

ತೆಗೆಸಲೇಬೇಕಾ?

ಗಾಬರಿ ಬೇಡ. ಬಿರುಕಿಲ್ಲದ, ಪುಡಿ ಉದುರದ ಶೀಟನ್ನು ಹಾಗೇ ಬಿಡಬಹುದು. ಪಾಚಿ ಕಟ್ಟಿದೆ ಅಂತ ತಂತಿ ಬ್ರಷ್‌ನಲ್ಲಿ ಉಜ್ಜೋದು, ಜೋರು ನೀರಿನ ಪೈಪ್ ಬಿಡೋದು ಬೇಡ. ಹೊಸ ಫ್ಯಾನ್ ಹುಕ್‌ಗೆ, ಬೋರ್ಡ್‌ಗೆ ಅಂತ ಡ್ರಿಲ್ ಹಾಕೋದೂ ಬೇಡ. ಈಚೆಗೆ ಆಸ್ಬೆಸ್ಟಾಸ್ ಇಲ್ಲದ ಸಿಮೆಂಟ್ ಶೀಟೂ ಸಿಗುತ್ತೆ, ಆದರೆ ಎರಡನ್ನೂ ಕಣ್ಣಲ್ಲಿ ನೋಡಿ ಗುರುತಿಸೋಕಾಗಲ್ಲ. ಹಳೇ ಶೀಟ್ ಆಗಿದ್ರೆ ಆಸ್ಬೆಸ್ಟಾಸ್ ಇದೆ ಅಂತಲೇ ತಿಳಿದು ಕೆಲಸ ಮಾಡಿ.

ತೆಗೆಸುವಾಗ ಹೀಗೆ ಮಾಡಿ

* ಮಕ್ಕಳು, ವಯಸ್ಸಾದವರನ್ನು ಆ ದಿನ ಬೇರೆ ಕಡೆ ಕಳಿಸಿ. ಅಕ್ಕಪಕ್ಕದವರಿಗೂ ಮೊದಲೇ ತಿಳಿಸಿ. ಸಾಮಾನು ಹೊರಗಿಡಿ, ಆಗದಿದ್ರೆ ಪ್ಲಾಸ್ಟಿಕ್ ಹೊದಿಸಿ. ಮೇನ್ ಸ್ವಿಚ್ ಆಫ್ ಮಾಡಿ.
* ಶೀಟಿಗೆ ನಿಧಾನವಾಗಿ ನೀರು ಚಿಮುಕಿಸಿ. ಒದ್ದೆ ಇದ್ರೆ ಧೂಳು ಕಡಿಮೆ ಏಳುತ್ತೆ.
* ಸುತ್ತಿಗೆ, ಗ್ರೈಂಡರ್ ಬೇಡ. ಜೆ ಬೋಲ್ಟ್‌ನ ನಟ್ ಬಿಚ್ಚಿ, ಶೀಟನ್ನು ಇಡಿಯಾಗಿ ಇಳಿಸಿ. ತುಕ್ಕು ಹಿಡಿದಿದ್ರೆ ಬೋಲ್ಟನ್ನೇ ಕತ್ತರಿಸಿ, ಶೀಟನ್ನಲ್ಲ.
* ಶೀಟ್ ಮೇಲೆ ನೇರ ಕಾಲಿಡಬಾರದು. ಹಳೇ ಶೀಟ್ ದಿಢೀರ್ ಮುರಿದು ಬಿದ್ದು ಸತ್ತವರಿದ್ದಾರೆ. ಅಟ್ಟಣೆ ಕಟ್ಟಿಸಿ, ಕೆಳಗಿನಿಂದಲೇ ಕೆಲಸ ಮಾಡಿಸಿ.
* ಮುಖಕ್ಕೆ ಟವೆಲ್, ಸಾದಾ ಮಾಸ್ಕ್ ಸಾಲದು. ಎಫ್‌ಎಫ್‌ಪಿ3 ಅಥವಾ ಪಿ100 ಫಿಲ್ಟರ್ ಇರುವ ಮಾಸ್ಕ್ ಬೇಕು.
* ಕೆಲಸ ಮುಗಿದ ಮೇಲೆ ಒಣ ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಬಟ್ಟೆಯನ್ನೂ ತ್ಯಾಜ್ಯದ ಜೊತೆ ಕಟ್ಟಿಡಿ. ಕೆಲಸದ ಉಡುಪನ್ನು ಮನೆಯವರ ಬಟ್ಟೆ ಜೊತೆ ಒಗೆಯಬೇಡಿ.

ತೆಗೆದ ಶೀಟ್ ಎಲ್ಲಿ ಹಾಕೋದು?

ಕೆರೆ ಅಂಗಳ, ರಸ್ತೆ ಬದಿ, ಗುಂಡಿ ಮುಚ್ಚೋಕೆ ಖಂಡಿತ ಬೇಡ. ಚೂರುಗಳು ಗಾಡಿ ಚಕ್ರಕ್ಕೆ ಸಿಕ್ಕಿ ಪುಡಿಯಾಗಿ ಮತ್ತೆ ಧೂಳೇ ಆಗ್ತವೆ. ಬಚ್ಚಲಿಗೆ ಮರೆ, ಕೋಳಿ ಗೂಡು ಅಂತ ಬೇರೆಯವರಿಗೆ ಕೊಟ್ಟರೆ ಅಪಾಯ ಮನೆ ಬದಲಿಸುತ್ತೆ ಅಷ್ಟೇ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಆಸ್ಬೆಸ್ಟಾಸ್ ತ್ಯಾಜ್ಯದ ಹೆಸರಿದೆ. ಹಾಗಾಗಿ ಕೆಲಸ ಶುರು ಮಾಡೋ ಮುಂಚೆಯೇ ಪುರಸಭೆ ಅಥವಾ ಪಂಚಾಯಿತಿ ಪಿಡಿಒಗೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಎಲ್ಲಿ ಹಾಕಬೇಕೆಂದು ಬರವಣಿಗೆಯಲ್ಲಿ ಕೇಳಿ. ಉತ್ತರ ಬರೋವರೆಗೆ ಶೀಟುಗಳನ್ನು ದಪ್ಪ ಪಾಲಿಥೀನ್‌ನಲ್ಲಿ ಎರಡು ಸುತ್ತು ಸುತ್ತಿ, ಮೇಲೆ ‘ಆಸ್ಬೆಸ್ಟಾಸ್’ ಎಂದು ಬರೆದು, ಯಾರೂ ತುಳಿಯದ ಕಡೆ ಇಡಿ.

ಕಂಟ್ರಾಕ್ಟರ್ ಜೊತೆ ರೇಟು ಮಾತಾಡುವಾಗಲೇ ‘ಒಡೆಯದೆ ಇಳಿಸಬೇಕು’ ಅನ್ನೋ ಷರತ್ತು ಹಾಕಿ. ಇದಕ್ಕೆ ಒಂದೆರಡು ಆಳು, ಅರ್ಧ ದಿನ ಹೆಚ್ಚು ಬೀಳಬಹುದು. ಆ ಕೂಲಿ ಉಳಿಸೋಕೆ ಹೋದ್ರೆ ಮೊದಲು ಧೂಳು ಕುಡಿಯೋದು ಸುತ್ತಿಗೆ ಹಿಡಿದ ಕೂಲಿಯವನು, ಆಮೇಲೆ ಅದೇ ಸೂರಿನಡಿ ಮಲಗುವ ಮನೆಯವರು.