ಕುದುರೆ ಕಲಿಯುವುದು ಲಾಯದಲ್ಲಿ

ಬೀದರ ಜಿಲ್ಲೆಯಲ್ಲಿ ಕುದುರೆ ಎಂದರೆ ಇಂದು ಹೆಚ್ಚಿನವರ ಕಣ್ಣ ಮುಂದೆ ಬರುವುದು ಎರಡೇ ಚಿತ್ರ. ಮದುಮಗನನ್ನು ಹೊತ್ತು ಡಿಜೆ ಸದ್ದಿನ ನಡುವೆ ಹೆಜ್ಜೆ ಹಾಕುವ ಬಿಳಿ ಕುದುರೆ ಒಂದು. ಖಾನಾಪುರದ ಮೈಲಾರ ಮಲ್ಲಣ್ಣನ ಪಟದಲ್ಲಿ ದೇವರನ್ನು ಹೊತ್ತು ದೈತ್ಯರ ಮೇಲೆ ಏರಿಹೋಗುವ ಕುದುರೆ ಇನ್ನೊಂದು. ಎರಡರಲ್ಲೂ ಕುದುರೆಯ ಬೆನ್ನ ಮೇಲೆ ಯಾರೋ ಇದ್ದಾರೆ. ಹೀಗಾಗಿ ಕುದುರೆ ಎಂದರೆ ಸವಾರಿ, ಕುದುರೆ ಪಳಗಿಸುವುದು ಎಂದರೆ ಹತ್ತಿ ಕೂತು ಅದರ ಹಟ ಮುರಿಯುವುದು ಎಂಬ ತಿಳಿವಳಿಕೆ ಬೇರೂರಿದೆ. ಭಾತಂಬ್ರಾ, ಭಾಲ್ಕಿ, ಔರಾದ ಕಡೆಯ ಹಳ್ಳಿಯಲ್ಲಿ ಒಬ್ಬ ಯುವಕ ಆಸೆಪಟ್ಟು ಸ್ವಂತಕ್ಕೊಂದು ಕುದುರೆ ತಂದು ಕಟ್ಟಿದರೆ ಅವನು ಮೊದಲು ಹುಡುಕುವುದು ಜೀನು, ಲಗಾಮು. ಈ ಕ್ರಮವೇ ತಲೆಕೆಳಗು ಎಂದು ನನ್ನ ವಾದ. ಹತ್ತಿ ಕೂರುವ ಒಂದು ಗಂಟೆಗಿಂತ, ಹತ್ತದೆ ಇರುವ ಉಳಿದ 23 ಗಂಟೆಗಳೇ ಕುದುರೆಯನ್ನು ಪಳಗಿಸುತ್ತವೆ. ಮೇವು ಹಾಕುವಾಗ, ಮೈ ತಿಕ್ಕುವಾಗ, ಕಾಲೆತ್ತಿಸುವಾಗ, ನೀರಿಗೆ ಕರೆದೊಯ್ಯುವಾಗ ಅದು ಕಲಿತದ್ದನ್ನೇ ಸವಾರಿಯಲ್ಲಿ ಒಪ್ಪಿಸುತ್ತದೆ.

ಈ ಮಾತಿಗೆ ನಮ್ಮ ನೆಲದ ಇತಿಹಾಸದಲ್ಲೇ ಸಾಕ್ಷಿ ಇದೆ. ರಷ್ಯಾದ ತ್ವೆರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಸುಮಾರಿಗೆ ಬಹಮನಿಗಳ ಬೀದರಿಗೆ ಬಂದದ್ದು ಒಂದೇ ಒಂದು ಗಂಡು ಕುದುರೆಯನ್ನು ಮಾರುವ ಆಸೆಯಿಂದ. ಜುನ್ನರದಲ್ಲಿ ಅಲ್ಲಿಯ ಖಾನ ಅದನ್ನು ಕಿತ್ತುಕೊಂಡ. ಬೇರೊಬ್ಬರ ಮಧ್ಯಸ್ಥಿಕೆಯಿಂದ ಮರಳಿ ಸಿಕ್ಕಿತು. ಕೊನೆಗೆ ಅದು ಮಾರಾಟವಾದದ್ದು ಬೀದರಿನಲ್ಲಿ. ಈ ದೇಶದಲ್ಲಿ ಕುದುರೆ ಹುಟ್ಟುವುದಿಲ್ಲ, ಎತ್ತು ಎಮ್ಮೆಗಳೇ ಹುಟ್ಟುತ್ತವೆ ಎಂದು ಅವನು ಬರೆದ. ಆಳಂದದ ಜಾತ್ರೆಗೆ 20,000 ಕುದುರೆಗಳು ಮಾರಾಟಕ್ಕೆ ಬರುತ್ತವೆಂದೂ ಬರೆದ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದೀತು, ಬೇಡಿಕೆ ಸುಳ್ಳಲ್ಲ. ಬಹಮನಿಗಳ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಗೋವೆಯನ್ನು ಗೆದ್ದದ್ದರ ಹಿಂದೆ ಅರಬ್ಬಿ ಕುದುರೆಗಳು ಇಳಿಯುವ ಬಂದರಿನ ಆಸೆಯೂ ಇತ್ತು. ಇಷ್ಟೊಂದು ಕುದುರೆ ಮತ್ತೆ ಮತ್ತೆ ಏಕೆ ಬೇಕಾಗುತ್ತಿತ್ತು? ಯುದ್ಧ ಒಂದು ಕಾರಣ. ಇನ್ನೊಂದು ಕಾರಣವನ್ನು ಅದಕ್ಕೂ ಎರಡು ಶತಮಾನ ಹಿಂದೆ ತಮಿಳು ಕರಾವಳಿಯನ್ನು ಕಂಡ ಮಾರ್ಕೋ ಪೋಲೋ ಹೇಳಿದ್ದಾನೆ. ಅಲ್ಲಿಯ ಅರಸ ವರ್ಷಕ್ಕೆ 2,000ಕ್ಕೂ ಹೆಚ್ಚು ಕುದುರೆ ಕೊಳ್ಳುತ್ತಾನೆ, ವರ್ಷ ಮುಗಿಯುವಾಗ 100 ಕೂಡ ಉಳಿದಿರುವುದಿಲ್ಲ, ಏಕೆಂದರೆ ಸಾಕುವ ವಿದ್ಯೆ ಬಲ್ಲವರು ಅಲ್ಲಿಲ್ಲ ಎಂಬುದು ಅವನ ವಿವರಣೆ. ಸವಾರರಿಗೆ ಆ ನಾಡಿನಲ್ಲಿ ಬರವಿರಲಿಲ್ಲ. ಕುದುರೆಗಳು ಸತ್ತದ್ದು ಲಾಯದಲ್ಲಿ.

ಲಾಯದ ವಿದ್ಯೆ ನಮ್ಮ ರೈತರಿಗೆ ಸುಲಭವಾಗಿ ಬರಬೇಕಿತ್ತಲ್ಲ, ದೇವಣಿಯಂಥ ದನದ ತಳಿಯನ್ನು ಕಾಪಾಡಿಕೊಂಡು ಬಂದ ಸೀಮೆ ಇದು ಎಂದು ಯಾರಾದರೂ ಕೇಳಬಹುದು. ತೊಡಕು ಇರುವುದೇ ಅಲ್ಲಿ. ಎತ್ತಿನ ಲೆಕ್ಕದಲ್ಲಿ ಕುದುರೆ ಸಾಕಲಾಗದು. ಎತ್ತಿನ ಮೊದಲ ಹೊಟ್ಟೆಯೊಂದೇ 100 ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಅದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತುಂಬಿಸಿಕೊಂಡು ನೆರಳಲ್ಲಿ ಮಲಗಿ ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕಿಲ್ಲ. ಅದರ ಜಠರ ದೇಹದ ಗಾತ್ರಕ್ಕೆ ತೀರ ಚಿಕ್ಕದು, 8ರಿಂದ 15 ಲೀಟರ್ ಅಷ್ಟೆ. ಅದರಲ್ಲಿ ಆಮ್ಲ ಹಗಲು ರಾತ್ರಿ ಒಸರುತ್ತಲೇ ಇರುತ್ತದೆ. ಬಯಲಲ್ಲಿ ಬಿಟ್ಟ ಕುದುರೆ ದಿನದ ಹೆಚ್ಚು ಹೊತ್ತು ತಲೆ ತಗ್ಗಿಸಿ ಮೇಯುತ್ತಲೇ ಇರುವುದು ಇದಕ್ಕೇ. ಹಸಿವಿನಲ್ಲಿ ನಿಲ್ಲಿಸಿ ಆಮೇಲೆ ಒಮ್ಮೆಲೆ ಬುಟ್ಟಿ ತುಂಬ ಕಾಳು ಸುರಿದರೆ ಹೊಟ್ಟೆಶೂಲೆ ಬರುವ ಅಪಾಯ ದೊಡ್ಡದು. ವಾಂತಿ ಮಾಡಿಕೊಳ್ಳುವ ಶಕ್ತಿಯೂ ಕುದುರೆಗಿಲ್ಲ, ಆದ್ದರಿಂದ ಆ ಶೂಲೆ ಪ್ರಾಣಕ್ಕೇ ಬರಬಹುದು. 300 ಕಿಲೋ ತೂಗುವ ಕುದುರೆಗೆ ದಿನಕ್ಕೆ 5–6 ಕಿಲೋ ಒಣ ಮೇವು ಬೇಕು, ಅದೂ ಹಲವು ಕಂತುಗಳಲ್ಲಿ. ನೀರು 25 ಲೀಟರಿನ ಆಸುಪಾಸು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ನಿಕಿತಿನ್ ಕಾಲದಲ್ಲಿ ಇಲ್ಲಿಯ ಕುದುರೆಗಳಿಗೆ ಕಡಲೆ ಹಾಕುತ್ತಿದ್ದರು, ಸಕ್ಕರೆ ಮತ್ತು ಜಿಡ್ಡು ಸೇರಿಸಿ ಕಿಚಡಿ ಬೇಯಿಸಿ ತಿನ್ನಿಸುತ್ತಿದ್ದರು. ಅದೇ ಕಡಲೆ ಇಂದೂ ಜಿಲ್ಲೆಯ ಹೊಲಗಳಲ್ಲಿ ಬೆಳೆಯುತ್ತದೆ. ನೆನೆಸಿದ ಕಡಲೆ ಒಳ್ಳೆಯದೇ, ಆದರೆ ಮೇವಿನ ಜೊತೆಗೆ ಕೊಡುವ ಹಿಡಿಯಾಗಿ, ಮೇವಿನ ಬದಲಿಗಲ್ಲ. ಜೋಳದ ಒಣ ಕಣಿಕೆ ಎಲ್ಲರ ಬಣವೆಯಲ್ಲೂ ಇರುತ್ತದೆ; ಎಳೆಯ ಹಸಿ ಜೋಳ ಮಾತ್ರ ಕುದುರೆಗೆ ವಿಷ. ಅದನ್ನು ಮೇಯುತ್ತ ಹೋದ ಕುದುರೆಗೆ ಮೂತ್ರಕೋಶ ಕೆಟ್ಟು ಹಿಂಗಾಲುಗಳು ತೂರಾಡತೊಡಗುತ್ತವೆ. ಹೊಟ್ಟೆನೋವಿನಲ್ಲಿರುವ ಕುದುರೆ ಜೀನು ಕಂಡರೆ ಕಿವಿ ಹಿಂದಕ್ಕೆ ಮಡಚುತ್ತದೆ, ಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದೆ. ಮಾಲೀಕ ಅದನ್ನು ಪೊಗರು ಎನ್ನುತ್ತಾನೆ. ಎಷ್ಟೋ ಕಡೆ ಪೊಗರು ಎನಿಸಿಕೊಂಡದ್ದು ನೋವೇ ಆಗಿರುತ್ತದೆ ಎಂಬುದನ್ನು ಒಪ್ಪಿಕೊಂಡರೆ ಪಳಗಿಸುವ ಕೆಲಸದ ಅರ್ಧ ಅಲ್ಲೇ ಮುಗಿಯುತ್ತದೆ.

ಇನ್ನರ್ಧ ಇರುವುದು ಕುದುರೆ ಹೇಗೆ ಕಲಿಯುತ್ತದೆ ಎಂಬುದರಲ್ಲಿ. ಕಳೆದ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆಂದು ಹೆಸರಾಗಿತ್ತು. ಪ್ರಶ್ನೆ ಕೇಳಿದರೆ ಉತ್ತರದಷ್ಟು ಸಲ ಗೊರಸು ಬಡಿಯುತ್ತಿತ್ತು. ಓಸ್ಕರ್ ಫುಂಗ್ಸ್ಟ್ ಎಂಬ ಮನೋವಿಜ್ಞಾನಿ 1907ರಲ್ಲಿ ಗುಟ್ಟು ಬಿಡಿಸಿದರು. ಸರಿಯುತ್ತರದ ಎಣಿಕೆ ಬಂದಾಗ ಪ್ರಶ್ನೆ ಕೇಳಿದವರ ತಲೆ ತಮಗೇ ಅರಿವಿಲ್ಲದೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಕುದುರೆ ಅದನ್ನು ಕಂಡು ಬಡಿಯುವುದನ್ನು ನಿಲ್ಲಿಸುತ್ತಿತ್ತು. ಹಾನ್ಸ್‌ಗೆ ಗಣಿತ ಬಾರದು ಎಂದು ಜನ ನಕ್ಕು ಮರೆತರು. ನನಗೆ ಅದಕ್ಕಿಂತ ದೊಡ್ಡ ಸಂಗತಿ ಅಲ್ಲಿ ಕಾಣುತ್ತದೆ: ಮನುಷ್ಯನ ಮೈಯನ್ನು ಮನುಷ್ಯನಿಗಿಂತ ಚೆನ್ನಾಗಿ ಓದಬಲ್ಲ ಪ್ರಾಣಿ ಅದು. ಹಾಗೆ ಓದುವ ಪ್ರಾಣಿ ಪಾಠದ ಹೊತ್ತಿನಲ್ಲಿ ಮಾತ್ರ ಕಲಿಯುತ್ತದೆ ಎಂದುಕೊಳ್ಳುವುದು ಹೇಗೆ? ಮೇವು ತಂದವನನ್ನು ಎದೆಯಿಂದ ನೂಕಿದರೆ ಬುಟ್ಟಿ ಬೇಗ ಕೆಳಗಿಳಿಯುತ್ತದೆ ಎಂದು ಬೆಳಿಗ್ಗೆ ಕಲಿತ ಕುದುರೆ, ಸಂಜೆ ಸವಾರನನ್ನೂ ನೂಕಿ ನೋಡುತ್ತದೆ. ಹಗ್ಗ ಎಳೆದಾಗ ಒಂದು ಹೆಜ್ಜೆ ಮುಂದಿಟ್ಟರೆ ಎಳೆತ ಆ ಕ್ಷಣವೇ ಸಡಿಲುತ್ತದೆ ಎಂದು ಲಾಯದ ಮುಂದೆ ಕಲಿತದ್ದು, ಬೆನ್ನ ಮೇಲಿರುವವನ ಕಾಲಿನ ಸಣ್ಣ ಒತ್ತಿಗೂ ಓಗೊಡುತ್ತದೆ. ಕಲಿಸುವುದು ಒತ್ತಡವಲ್ಲ, ಅದನ್ನು ಬಿಡುವ ಗಳಿಗೆ. ಸರಿಯಾಗಿ ಮಾಡಿದ ಮೇಲೂ ಎಳೆಯುತ್ತಲೇ ಇದ್ದರೆ, ಮಾಡಿದರೂ ಒಂದೇ ಮಾಡದಿದ್ದರೂ ಒಂದೇ ಎಂದು ಕುದುರೆ ತೀರ್ಮಾನಿಸುತ್ತದೆ. ಬಾಯಿ ಕಲ್ಲಾಗಿದೆ, ಲಗಾಮಿಗೆ ಬಗ್ಗುವುದಿಲ್ಲ ಎಂದು ದೂರುವವರ ಕೈಗಳು ಎಷ್ಟೋ ಸಲ ಎಂದೂ ಸಡಿಲಿರುವುದಿಲ್ಲ.

ಈ ಹಂತದಲ್ಲಿ ಅನುಭವಿಗಳಿಂದ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಇದೆಲ್ಲ ಮಾತಿಗೆ ಚೆಂದ, ಏಟು ಬೀಳದೆ ಕುದುರೆ ಕಲಿಯುವುದಿಲ್ಲ. ಮದುವೆಯಲ್ಲಿ ತಾಳಕ್ಕೆ ಕುಣಿಯುವ ಕುದುರೆಗಳನ್ನು ಹಾಗೆಯೇ ತಯಾರು ಮಾಡಿದ್ದು, ಅದರ ಮೇಲೆಯೇ ಕುಟುಂಬಗಳು ಬದುಕಿವೆ ಎಂದು. ಏಟಿನಿಂದ ಕೆಲಸ ಬೇಗ ಆಗುತ್ತದೆ ಎಂಬುದು ನಿಜ, ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕವಲ್ಲ. ಆದರೆ ಕುದುರೆ ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಸಿಕ್ಕದಂತೆ ಓಡಿ ಬದುಕಿದ ಪ್ರಾಣಿ. ಅದರ ಕಣ್ಣು ತಲೆಯ ಪಕ್ಕಗಳಲ್ಲಿದ್ದು, ಬಾಲದ ನೇರ ಹಿಂದಿನ ಮತ್ತು ಮೂಗಿನ ಮುಂದಿನ ಸಣ್ಣ ಜಾಗ ಬಿಟ್ಟರೆ ಸುತ್ತಲೂ ಕಾಣುತ್ತದೆ. ಹೆದರಿಸಿ ಕಲಿಸಿದ ಕುದುರೆ ಹೆದರಿಕೆಯನ್ನು ಒಳಗಿಟ್ಟುಕೊಂಡು ನಿಂತಿರುತ್ತದೆ. ಮಕ್ಕಳು ತುಂಬಿದ ಮೆರವಣಿಗೆಯಲ್ಲಿ ಒಂದು ಪಟಾಕಿ ಹಿಂದಿನಿಂದ ಸಿಡಿದರೆ ಆ ಹೆದರಿಕೆ ಒಮ್ಮೆಲೆ ಹೊರಗೆ ಬರುತ್ತದೆ. ಸದ್ದಿಗೆ ಒಗ್ಗಿಸುವ ಬೇರೆ ದಾರಿ ಇದೆ, ನಿಧಾನದ್ದು. ದೂರದಲ್ಲಿ ಹಲಗೆ ಬಾರಿಸುತ್ತಿರುವಾಗ ಇತ್ತ ಮೇವು ತಿನ್ನಲು ಬಿಡುವುದು. ಕುದುರೆ ತಲೆ ತಗ್ಗಿಸಿ, ಬಾಯಿ ಚಪ್ಪರಿಸಿ ನಿರಾಳವಾದ ಮೇಲೆ ನಾಲ್ಕು ಮಾರು ಹತ್ತಿರ. ಕಿವಿ ನಿಮಿರಿದರೆ ಮತ್ತೆ ಹಿಂದಕ್ಕೆ. ತಿಂಗಳುಗಳೇ ಹಿಡಿಯುತ್ತವೆ. ಇನ್ನು ಬಾಯೊಳಗೆ ಚುಚ್ಚುವ ಮುಳ್ಳು ಲಗಾಮಿನ ವಿಷಯದಲ್ಲಿ ಚರ್ಚೆಗೇ ಜಾಗವಿಲ್ಲ. 1965ರ ಕೇಂದ್ರ ನಿಯಮಗಳೇ ಅದನ್ನು ನಿಷೇಧಿಸಿವೆ. ಬದುಕಿಗಾಗಿ ಕುದುರೆ ನಂಬಿದವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವರಿಗೆ ನಿಧಾನಕ್ಕೆ ಬೇಕಾದ ಸಮಯವನ್ನು ಕೊಡದವರು ಬಾಡಿಗೆಗೆ ಕರೆಯುವ ನಾವು.

ಲಾಯದ ಕೆಲಸವೇ ಮುಖ್ಯವಾದರೆ ಒಬ್ಬ ಆಳನ್ನಿಟ್ಟರೆ ಸಾಲದೇ? ಹಳೆಯ ಸರದಾರರು ಮಾಡಿದ್ದು ಅದನ್ನೇ. ಇಡಬಹುದು, ಆದರೆ ಆಗ ಕುದುರೆ ಆ ಆಳಿನದಾಗುತ್ತದೆ. ಅವನೊಂದು ರೀತಿ, ಮಾಲೀಕನೊಂದು ರೀತಿಯಾದರೆ ಎತ್ತು ಏರಿಗೆಳೆದು ಕೋಣ ನೀರಿಗೆಳೆದಂತೆ. ಗ್ರೀಕ್ ಸೇನಾನಿ ಕ್ಸೆನೊಫಾನ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಕುದುರೆ ವಿದ್ಯೆಯ ಬಗ್ಗೆ ಬರೆದಾಗ, ಲಾಯವನ್ನು ಮನೆಯೊಡೆಯನ ಕಣ್ಣಿಗೆ ಮತ್ತೆ ಮತ್ತೆ ಬೀಳುವ ಜಾಗದಲ್ಲಿ ಕಟ್ಟಬೇಕೆಂದು ಹೇಳಿದ. ಕುದುರೆಯನ್ನು ಬೇಗ ಮೈದುಂಬಿಸುವುದು ಯಾವುದು ಎಂದು ಪರ್ಷಿಯಾದ ದೊರೆ ಕೇಳಿದಾಗ, ಯಜಮಾನನ ಕಣ್ಣು ಎಂಬ ಉತ್ತರ ಬಂತೆಂಬ ಕಥೆಯನ್ನೂ ಅವನೇ ಇನ್ನೊಂದು ಪುಸ್ತಕದಲ್ಲಿ ಹೇಳುತ್ತಾನೆ. ಖರಾರಾ ಹಿಡಿದು ದಿನವೂ ಮೈ ತಿಕ್ಕುವವನ ಕೈಗೆ ನಿನ್ನೆ ಇಲ್ಲದ ಬಾವು, ಜೀನಿನಡಿ ಎದ್ದ ಗುಳ್ಳೆ, ಬಿಸಿಯಾದ ಕಾಲು ತಾವಾಗಿ ಸಿಗುತ್ತವೆ. ಹಾಗೆಂದು ಕೆಲಸದಾಳನ್ನು ಕಡೆಗಣಿಸಬೇಕಿಲ್ಲ. ಇರುವಲ್ಲಿ ಅವನೇ ಗುರು, ಮಾಲೀಕ ಅವನ ಪಕ್ಕದಲ್ಲಿ ನಿಂತು ಕಲಿಯಬೇಕಾದವನು.

ಸವಾರಿಯ ಬಗ್ಗೆ ಹೇಳಬೇಕಾದದ್ದು ಇದಕ್ಕಿಂತ ಕಡಿಮೆ, ಮತ್ತು ಅದರಲ್ಲೂ ಬಹುಪಾಲು ಕಾಯುವುದರ ಬಗ್ಗೆಯೇ. ಮೂರು ವರ್ಷ ತುಂಬದ ಮರಿಯ ಬೆನ್ನೇರಬಾರದು. ಬೆನ್ನುಮೂಳೆಯ ಬೆಳವಣಿಗೆ ಐದಾರು ವರ್ಷದವರೆಗೂ ನಡೆದಿರುತ್ತದೆ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು ಎಂಬುದು ಜಗತ್ತಿನ ಹಲವೆಡೆ ಪಾಲಿಸುವ ಮಿತಿ. 300 ಕಿಲೋದ ಕುದುರೆಗೆ ಅದು 60 ಕಿಲೋ. ನಮ್ಮ ಸೀಮೆಯ ಬಿಸಿಲಿಗೆ ಕುದುರೆ ಹೊಂದುವುದಿಲ್ಲ ಎನ್ನುವವರಿಗೆ ಭೀಮಥಡಿಯೇ ಉತ್ತರ. ಭೀಮಾ ನದಿಯ ದಂಡೆಯಲ್ಲಿ ಮರಾಠರ ಕಾಲದಲ್ಲಿ ಅರಬ್ಬಿ, ತುರ್ಕಿ ಕುದುರೆಗಳನ್ನು ಸ್ಥಳೀಯ ತಟ್ಟುಗಳೊಂದಿಗೆ ಬೆರೆಸಿ ಬೆಳೆಸಿದ ಈ ದಖ್ಖನಿ ತಳಿ ಗಿಡ್ಡ, ಗಟ್ಟಿಮುಟ್ಟು. ಇತ್ತೀಚೆಗೆ ಅದಕ್ಕೆ ಸ್ವತಂತ್ರ ತಳಿಯೆಂಬ ಮನ್ನಣೆಯೂ ಸಿಕ್ಕಿದೆ. ಕುದುರೆಯಾಟದ ಸೊಗಸು ಈ ನೆಲಕ್ಕೆ ಹೊಸದೂ ಅಲ್ಲ. ಇದೇ ಜಿಲ್ಲೆಯ ಕಲ್ಯಾಣದಿಂದ 12ನೇ ಶತಮಾನದಲ್ಲಿ ಆಳಿದ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಮೇಲೆ ಕೂತು ಚೆಂಡಾಡುವ ವಿನೋದವನ್ನು ವಿವರವಾಗಿ ವರ್ಣಿಸಿದ್ದಾನೆ. ಅಂಥ ಆಟಕ್ಕೆ ಒದಗುವ ಕುದುರೆ ಹೊಡೆತಕ್ಕೆ ಹೆದರಿ ಓಡುವ ಕುದುರೆಯಾಗಿರಲಾರದು.

ಬೈಕು ಮನೆಮನೆಗೂ ಇರುವ ಕಾಲದಲ್ಲಿ ಇಷ್ಟೆಲ್ಲ ಏಕೆ ಎಂಬುದು ಕೊನೆಯ ಪ್ರಶ್ನೆ, ಮತ್ತು ಅದು ನ್ಯಾಯವಾದದ್ದು. 2012 ಮತ್ತು 2019ರ ಜಾನುವಾರು ಗಣತಿಗಳ ನಡುವೆ ದೇಶದ ಕುದುರೆ, ತಟ್ಟುಗಳ ಸಂಖ್ಯೆ ಶೇ. 45ಕ್ಕೂ ಹೆಚ್ಚು ಕುಸಿದು 3.4 ಲಕ್ಷಕ್ಕೆ ಇಳಿಯಿತು. ಅವಶ್ಯಕತೆಯ ಕುದುರೆ ಹೊರಟುಹೋಗುತ್ತಿದೆ, ಅದನ್ನು ತಡೆಯಲಾಗದು. ಉಳಿಯುವುದು ಪ್ರೀತಿಯ ಕುದುರೆ. ಆದರೆ ಕುದುರೆಗಳ ಜೊತೆಗೆ ನಾಲು ಬಡಿಯುವ ನಾಲಬಂದರು, ಜೀನು ಹೊಲಿಯುವವರು, ಕುದುರೆ ನೋಡಿಕೊಳ್ಳುವ ಕೈಪಳಗಿದ ಸೈಸರು ಸಹ ಕಡಿಮೆಯಾಗುತ್ತಾರೆ. ಹಿಂದೆ ಒಂದು ಬೀದಿಯೇ ಹಂಚಿಕೊಂಡಿದ್ದ ತಿಳಿವಳಿಕೆಯನ್ನು ಇನ್ನು ಮುಂದೆ ಮಾಲೀಕನೊಬ್ಬನೇ ಹೊರಬೇಕಾಗುತ್ತದೆ. ಬೀದರಿನವರಿಗೆ ಒಂದು ಅನುಕೂಲ ಉಂಟು: ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದೇ ನಗರದ ಅಂಚಿನ ನಂದಿನಗರದಲ್ಲಿ. ಧನುರ್ವಾಯುವಿಗೆ ಕುದುರೆಯಷ್ಟು ಬೇಗ ಬಲಿಯಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಒಂದು ಲಸಿಕೆ ಅದನ್ನು ತಡೆಯುತ್ತದೆ. ಮನುಷ್ಯರಿಗೂ ಅಂಟಬಲ್ಲ ಗ್ಲ್ಯಾಂಡರ್ಸ್ ರೋಗದ ರಕ್ತಪರೀಕ್ಷೆಯನ್ನು ಕುದುರೆ ಕೊಳ್ಳುವ ಮೊದಲೇ ಮಾಡಿಸುವುದು ಮನೆಯವರ ಆರೋಗ್ಯದ ಪ್ರಶ್ನೆಯೂ ಹೌದು.

ಗೊರಸಿನ ಮಾತು ಹೇಳದೆ ಇದು ಮುಗಿಯದು. ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಸಮ ಮಾಡಿಸಲೇಬೇಕು. ಬೀದರ ನಗರದ ಸುತ್ತಲಿನ ಕೆಂಪು ಜಂಬಿಟ್ಟಿಗೆ ಕಲ್ಲು ಗೊರಸನ್ನು ಸವೆಸುತ್ತದೆ, ಅಡಿಯನ್ನು ಜಜ್ಜುತ್ತದೆ. ಭಾಲ್ಕಿ, ಔರಾದ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಗೊರಸಿನ ಅಡಿಗೆ ಮೆತ್ತಿಕೊಂಡು, ತೆಗೆಯದಿದ್ದರೆ ಒಳಗೇ ಕೊಳೆತು ನಾರತೊಡಗುತ್ತದೆ. ಆದ್ದರಿಂದ ದಿನಕ್ಕೆರಡು ಸಲ ನಾಲ್ಕೂ ಕಾಲು ಎತ್ತಿಸಿ ಮಣ್ಣು ಕೆರೆದು ತೆಗೆಯುವುದು ಈ ಸೀಮೆಯ ಕುದುರೆ ಮಾಲೀಕನ ತಪ್ಪಿಸಲಾಗದ ಕೆಲಸ. ಓಡಿ ಬದುಕುವ ಪ್ರಾಣಿ ತನ್ನ ಕಾಲನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದೆಂದರೆ ಓಡುವ ದಾರಿಯನ್ನೇ ಒಪ್ಪಿಸಿದಂತೆ. ನಾಂದೇಡ ಜಿಲ್ಲೆಯ ಮಾಳೇಗಾಂವಿನಲ್ಲಿ ಮಾರ್ಗಶಿರದ ಕೊನೆಗೆ ಖಂಡೋಬಾನ ಯಾತ್ರೆ ಕೂಡಿದಾಗ ಕುದುರೆ ಸಂತೆಯೂ ನೆರೆಯುತ್ತದೆ. ಅಲ್ಲಿ ಕೊಳ್ಳುವವರು ಹಲ್ಲು ನೋಡಿ ವಯಸ್ಸು ಎಣಿಸುತ್ತಾರೆ, ಸುಳಿ ನೋಡಿ ಶಕುನ ಹೇಳುತ್ತಾರೆ, ಓಡಿಸಿ ಚಾಲು ನೋಡುತ್ತಾರೆ. ಅದಕ್ಕೂ ಮೊದಲು ನೋಡಬೇಕಾದದ್ದು ಇನ್ನೊಂದಿದೆ. ಮಾರುವವನು ಪಕ್ಕಕ್ಕೆ ಬಂದು ಬಗ್ಗಿ ಮುಂಗಾಲಿನ ಮೇಲೆ ಕೈಯಾಡಿಸಿದಾಗ, ಕುದುರೆ ಕಿವಿಯನ್ನು ಅವನತ್ತ ತಿರುಗಿಸಿ, ತಾನಾಗಿ ಕಾಲೆತ್ತಿ ಅವನ ಅಂಗೈಯಲ್ಲಿಡುತ್ತದೆಯೇ ಎಂಬುದು.