ಮೂರ್ಛೆರೋಗಕ್ಕೆ ಮದ್ದುಂಟು: ಯಳಂದೂರಿನ ಸಾಕ್ಷ್ಯ

ಯಾರಾದರೂ ಮೂರ್ಛೆ ಬಂದು ನೆಲಕ್ಕುರುಳಿದರೆ ನಮ್ಮ ಜನ ಮೊದಲು ಹುಡುಕುವುದು ವೈದ್ಯರನ್ನಲ್ಲ, ಕಬ್ಬಿಣದ ಬೀಗದಕೈಯನ್ನು. ಅದನ್ನು ರೋಗಿಯ ಅಂಗೈಗೆ ಒತ್ತಿಹಿಡಿದು ಸುತ್ತಲಿನವರು ಕಾದು ನಿಲ್ಲುತ್ತಾರೆ. ಎರಡು ಮೂರು ನಿಮಿಷಗಳಲ್ಲಿ ಸೆಳೆತ ಸಾಮಾನ್ಯವಾಗಿ ತಾನಾಗಿಯೇ ಅಡಗುತ್ತದೆ. ಕೀರ್ತಿ ಮಾತ್ರ ಕಬ್ಬಿಣಕ್ಕೆ ಸಲ್ಲುತ್ತದೆ. ಆ ಬಳಿಕ ಹರಕೆ, ತಾಯಿತ, ಮಂತ್ರವಾದಿ. ರೋಗಿ ಮದುವೆಯ ವಯಸ್ಸಿನ ಹೆಣ್ಣುಮಗಳಾದರಂತೂ ಸಂಗತಿಯನ್ನು ನೆರೆಮನೆಗೂ ತಿಳಿಯಗೊಡುವುದಿಲ್ಲ. ಗುಟ್ಟು ಮನೆಯಲ್ಲೇ ಉಳಿಯುತ್ತದೆ. ಅದರೊಡನೆ ರೋಗವೂ ಉಳಿಯುತ್ತದೆ.

ಈ ಗುಟ್ಟನ್ನು ಬಿಡಿಸುವ ಮಹತ್ತ್ವದ ಪ್ರಯತ್ನವೊಂದು ಯಳಂದೂರು ತಾಲ್ಲೂಕಿನಲ್ಲಿ ನಡೆಯಿತು. ಪೂರ್ವದಲ್ಲಿ ಬಿಳಿಗಿರಿರಂಗನ ಬೆಟ್ಟ, ನೆರೆಯಲ್ಲಿ ಕೊಳ್ಳೇಗಾಲ, ಅದರಾಚೆ ಹನೂರಿನ ಕಾಡುಮೇಡು. ಇವುಗಳ ನಡುವಣ ಪುಟ್ಟ ತಾಲ್ಲೂಕು ಇದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಸೀಮೆಯೆಂದು ಇತಿಹಾಸದಲ್ಲಿ ಇದರ ಹೆಸರಿದೆ. ವೈದ್ಯಲೋಕದಲ್ಲಿ ಇದಕ್ಕೆ ಹೆಸರು ಬಂದುದು ಬೇರೆಯೇ ಕಾರಣದಿಂದ.

1990–91ರಲ್ಲಿ ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಸಹೋದ್ಯೋಗಿಗಳು ಇಲ್ಲಿ ಮನೆಮನೆಯ ಸಮೀಕ್ಷೆ ಕೈಗೊಂಡರು. ರೋಗಿ ಆಸ್ಪತ್ರೆಗೆ ಬರಲೆಂದು ಕಾಯದೆ, ಆಸ್ಪತ್ರೆಯ ವಿದ್ಯೆಯೇ ರೋಗಿಯ ಹೊಸ್ತಿಲಿಗೆ ಹೋಗಬೇಕೆಂಬುದು ಈ ಕಾರ್ಯದ ತಿರುಳು. ಸುಮಾರು 65,000 ಜನರ ವಿಚಾರಣೆ ನಡೆಯಿತು. ಸಾವಿರ ಮಂದಿಯಲ್ಲಿ ನಾಲ್ಕೈದು ಮಂದಿಗೆ ಈ ರೋಗವಿದ್ದುದು ಕಂಡುಬಂತು. ಯಾರ ಮನೆಯಲ್ಲೂ ಇಲ್ಲವೆಂದು ಹೇಳಲಾಗುತ್ತಿದ್ದ ಕಾಯಿಲೆ ಊರೂರಿನಲ್ಲಿಯೂ ಇತ್ತೆಂದಾಯಿತು.

ಲೆಕ್ಕ ಹಾಕಿ ಹಿಂದಿರುಗಿದ್ದರೆ ಅದು ಕೇವಲ ಅಂಕಿಅಂಶವಾಗಿ ಉಳಿಯುತ್ತಿತ್ತು. ಮಣಿಯವರ ತಂಡ 135 ರೋಗಿಗಳನ್ನು ಆರಿಸಿಕೊಂಡು ಚಿಕಿತ್ಸೆಯನ್ನೂ ಆರಂಭಿಸಿ, ಐದು ವರ್ಷಗಳ ಕಾಲ ಅವರ ಯೋಗಕ್ಷೇಮವನ್ನು ನೋಡಿತು. ಕೊಟ್ಟ ಔಷಧಗಳಾದರೂ ಹೊಸವಲ್ಲ, ದುಬಾರಿಯವೂ ಅಲ್ಲ: ಒಂದು, 1912ರಿಂದ ಈ ರೋಗಕ್ಕೆ ಬಳಕೆಯಲ್ಲಿರುವ ಫಿನೋಬಾರ್ಬಿಟೋನ್, ಇನ್ನೊಂದು, 1938ರಲ್ಲಿ ಬಳಕೆಗೆ ಬಂದ ಫೆನಿಟೋಯಿನ್. ಫಲಿತಾಂಶ 2001ರಲ್ಲಿ ಲಂಡನ್ನಿನ ಪ್ರಸಿದ್ಧ ವೈದ್ಯಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಅಗ್ಗದ ಔಷಧವೇ ಆದರೂ ನಿಯಮ ತಪ್ಪದೆ ಸೇವಿಸಿದರೆ ಹಳ್ಳಿಯ ರೋಗಿಯೂ ಮೂರ್ಛೆಯಿಂದ ಬಿಡುಗಡೆ ಪಡೆಯಬಲ್ಲನೆಂಬುದು ಅದರ ಸಾರಾಂಶ. ಚಿಕಿತ್ಸೆಗೆ ಮುನ್ನ ಸುಮಾರು 30ಕ್ಕಿಂತ ಹೆಚ್ಚು ಸಲ ಮೂರ್ಛೆ ಬಂದಿದ್ದವರಿಗಿಂತ, ಅದಕ್ಕಿಂತ ಕಡಿಮೆ ಬಂದಿದ್ದವರಲ್ಲಿ ಗುಣ ಹೆಚ್ಚಾಗಿ ಕಂಡಿತು. ಮುಚ್ಚಿಟ್ಟು ಕಳೆದ ವರ್ಷಗಳಿಗೆ ತೆರಬೇಕಾದ ಬೆಲೆ ಎಷ್ಟೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಈ ಸಮೀಕ್ಷೆಯಲ್ಲಿ ಕನ್ನಡನಾಡಿನ ಬಚ್ಚಲುಮನೆಗೂ ಒಂದು ಪಾಠವಿದೆ. ಕಂಡುಬಂದ ರೋಗಿಗಳಲ್ಲಿ ನೂರಕ್ಕೆ ಸುಮಾರು ಏಳು ಮಂದಿಗೆ ಬಿಸಿನೀರಿನ ಸ್ನಾನದಿಂದ ಮೂರ್ಛೆ ಬರುತ್ತಿತ್ತು. ಹಂಡೆಯ ಸುಡುನೀರನ್ನು ತಂಬಿಗೆ ತಂಬಿಗೆಯಾಗಿ ನೆತ್ತಿಗೆ ಸುರಿದುಕೊಳ್ಳುವುದು ನಮಗೆ ಪರಮಸುಖ. ಕೆಲವರ ಮಿದುಳು ಮಾತ್ರ ಆ ಬಿಸಿಯನ್ನು ಸಹಿಸಲಾರದು. ಇಂಥವರು ತಲೆಗೆ ಹದವಾದ ನೀರನ್ನು, ಅದನ್ನೂ ನಿಧಾನವಾಗಿ, ಹಾಕಿಕೊಳ್ಳುವುದು ಕ್ಷೇಮ. ಬಚ್ಚಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕದಿರುವುದೂ ಲೇಸು.

ರೋಗಕ್ಕಿಂತ ಅಪವಾದವೇ ಕ್ರೂರವೆಂಬುದಕ್ಕೆ ಕಾನೂನು ಸಹ ಸಾಕ್ಷಿಯಾಗಿತ್ತು. 1976ರ ತಿದ್ದುಪಡಿಯಂತೆ ಹಿಂದೂ ವಿವಾಹ ಕಾಯಿದೆಯಲ್ಲಿ ಉನ್ಮಾದದ ಜೊತೆಗೆ ಮೂರ್ಛೆರೋಗವನ್ನೂ ವಿವಾಹಕ್ಕೆ ಅಡ್ಡಿಯೆಂದು ಹೆಸರಿಸಲಾಗಿತ್ತು. 1999ರಲ್ಲಿ ಸಂಸತ್ತು ಆ ಮಾತನ್ನು ಕಾಯಿದೆಯಿಂದ ತೆಗೆದುಹಾಕಿತು. ಕಾಯಿದೆಯಿಂದ ಅಳಿದುದು ಮನಸ್ಸಿನಿಂದಲೂ ಅಳಿಯಬೇಕಾಗಿದೆ. ಮೂರ್ಛೆರೋಗವು ಮಿದುಳಿನ ಒಂದು ವ್ಯಾಧಿ. ಅದು ಅಂಟುವುದಿಲ್ಲ, ಶಾಪವೂ ಅಲ್ಲ.

ಇದೇ ತಾಲ್ಲೂಕಿನ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ನಡೆಸಲು ವಹಿಸಿಕೊಂಡಿತು. ಕುಷ್ಠರೋಗ ನಿವಾರಣೆಯಿಂದ ಕಾರ್ಯ ಆರಂಭಿಸಿದ್ದ ಈ ಸಂಸ್ಥೆ, ಮೂರ್ಛೆ ಹಾಗೂ ಮಾನಸಿಕ ವ್ಯಾಧಿಗಳ ಚಿಕಿತ್ಸೆಯನ್ನೂ ಹಳ್ಳಿಯ ಆರೋಗ್ಯ ಕೇಂದ್ರದ ದಿನನಿತ್ಯದ ಕೆಲಸದೊಡನೆ ಬೆಸೆಯಿತು. ದೊಡ್ಡ ಊರಿನ ತಜ್ಞರ ಬಳಿಗೆ ಬಸ್ಸು ಹಿಡಿದು ಹೋಗಲಾರದವನಿಗೆ ಹತ್ತಿರದಲ್ಲೇ ಮಾತ್ರೆ ದೊರೆಯಬೇಕು. ದೊರೆತ ಮಾತ್ರೆ ತಿಂಗಳ ನಡುವೆ ತೀರಿಹೋಗಬಾರದು. ಸಾರ್ವಜನಿಕ ಆರೋಗ್ಯವೆಂಬ ದೊಡ್ಡ ಮಾತಿನ ಅರ್ಥ ಕೊನೆಗೆ ಇಷ್ಟೇ.

ಓದುಗರ ಮನೆಗಳಲ್ಲಿಯೂ ನೆನಪಿಡಬೇಕಾದ ಕೆಲವು ಮಾತುಗಳಿವೆ. ಮೂರ್ಛೆ ಬಂದವರನ್ನು ಮೆಲ್ಲಗೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಒಲೆ, ಬಾವಿಕಟ್ಟೆ, ಚೂಪಾದ ವಸ್ತುಗಳಿಂದ ದೂರವಿರಿಸಬೇಕು. ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಲೇಬಾರದು. ಸೆಳೆತ ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಲು ತಡಮಾಡಬಾರದು. ಕೆಲವು ತಿಂಗಳು ಮೂರ್ಛೆ ಬರಲಿಲ್ಲವೆಂದು, ಅಥವಾ ಮದುವೆ ಗೊತ್ತಾಯಿತೆಂದು, ವೈದ್ಯರನ್ನು ಕೇಳದೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ಬೀಗದಕೈ ಬಾಗಿಲಿಗಿರಲಿ, ರೋಗಿಯ ಕೈಗೆ ಪ್ರತಿದಿನವೂ ತಪ್ಪದೆ ಮಾತ್ರೆ ಬೀಳಲಿ.